ಬಿಡುವಿನ ತಿಂಗಳಲ್ಲಿ ಎಂಜಿನ್ನು ಕೆಡದ ಹಾಗೆ

ಕಂಬಂ ಕಣಿವೆಯಲ್ಲಿ ಎರಡನೆಯ ಬೆಳೆಯ ನಾಟಿ ಮುಗಿಯಿತೆಂದರೆ ಪವರ್ ಟಿಲ್ಲರಿನ ಕೆಸರುಗೆಲಸ ತೀರಿತೆಂದೇ ಲೆಕ್ಕ. ಹನುಮಂತನಪಟ್ಟಿಯಿಂದ ಉತ್ತಮಪಾಳೆಯದವರೆಗೆ, ಅತ್ತ ಚಿನ್ನಮನೂರಿನವರೆಗೆ, ಗದ್ದೆಯಿಂದ ಮೇಲಕ್ಕೆ ಬಂದ ಯಂತ್ರಗಳು ಕೊಟ್ಟಿಗೆಯ ಮೂಲೆಯನ್ನೋ ಬೇವಿನ ಮರದ ನೆರಳನ್ನೋ ಸೇರುತ್ತವೆ. ಚಕ್ರಕ್ಕೆ ಮೆತ್ತಿದ ಕೆಸರು ಅಲ್ಲಿಯೇ ಒಣಗುತ್ತದೆ. ಮತ್ತೆ ಅದರ ನೆನಪಾಗುವುದು ಮುಂದಿನ ನೀರು ಬಿಡುವ ಸುದ್ದಿ ಬಂದಾಗ. ಈ ನಡುವಿನ ನಾಲ್ಕೈದು ತಿಂಗಳಲ್ಲಿ ಯಂತ್ರಕ್ಕೆ ಏನಾಗುತ್ತದೆ, ಅದನ್ನು ತಡೆಯುವುದಕ್ಕೆ ಮನೆಯವರೇ ಒಂದು ಹೊತ್ತಿನಲ್ಲಿ ಏನು ಮಾಡಬಹುದು ಎಂಬುದನ್ನು ಈ ವಾರ ವಿಚಾರಿಸೋಣ.

ಪೆರಿಯಾರ್ ಅಣೆಯಲ್ಲಿ ನೀರು ಸಾಕಷ್ಟಿದ್ದ ವರ್ಷಗಳಲ್ಲಿ ಜೂನ್ 1ಕ್ಕೆ ಕಣಿವೆಯ ಕಾಲುವೆಗಳಿಗೆ ನೀರು ಬಿಡುವುದು ವಾಡಿಕೆ. 1895ರಲ್ಲಿ ಪೆನ್ನಿಕ್ವಿಕ್ ಅವರ ಕೈಯಲ್ಲಿ ಮುಗಿದ ಆ ಅಣೆಯಿಂದ ಬೆಟ್ಟದಾಚೆಯ ನೀರು ಈಚೆಗೆ ಹರಿದು, ಇಂದಿಗೂ ಈ ಕಣಿವೆಯ 14,707 ಎಕರೆ ಎರಡು ಬೆಳೆಯ ಗದ್ದೆಗಳಿಗೆ ಆಧಾರವಾಗಿದೆ. ನೀರು ಬಂದ ಮೇಲೆ ಎಲ್ಲರಿಗೂ ಒಂದೇ ಆತುರ. ಒಟ್ಟಲು ಹಾಕಬೇಕು, ಗದ್ದೆ ಕೆಸರು ಮಾಡಬೇಕು, ನಾಟಿಯಾಳುಗಳಿಗೆ ಮಾತು ಕೊಡಬೇಕು. ಆ ದಿನ ಟಿಲ್ಲರು ಹತ್ತು ಸಲ ತಿರುವಿದರೂ ಉಸಿರೆತ್ತದಿದ್ದರೆ ಏನು ಗತಿ? ರಿಪೇರಿಯವನ ಅಂಗಡಿಯ ಮುಂದೆ ಆಗಲೇ ಏಳೆಂಟು ಯಂತ್ರಗಳು ಸಾಲಾಗಿ ನಿಂತಿರುತ್ತವೆ. ಬಾಡಿಗೆಗೆ ತರೋಣವೆಂದರೆ ಆ ವಾರದಲ್ಲಿ ಬಾಡಿಗೆಯ ಯಂತ್ರವೂ ಸಿಕ್ಕುವುದಿಲ್ಲ. ಒಟ್ಟಲಿನ ಸಸಿ ಮಾತ್ರ ನಮಗಾಗಿ ಕಾಯುವುದಿಲ್ಲ. ವಯಸ್ಸು ಮೀರಿದ ಸಸಿ ನೆಟ್ಟರೆ ತೆಂಡೆ ಕಡಮೆ, ತೆನೆ ಕಡಮೆ. ಡಿಸೆಂಬರಿನಲ್ಲಿ ಅರ್ಧ ದಿನ ಉಳಿಸಿದ್ದಕ್ಕೆ ಜೂನಿನಲ್ಲಿ ಹೀಗೆ ತೆರಬೇಕಾಗುತ್ತದೆ.

ನಮ್ಮ ಹಿರಿಯರಿಗೆ ಈ ಚಿಂತೆ ಇರಲಿಲ್ಲ. ಮನೆಯಲ್ಲಿ ಕನ್ನಡವಾಡುವ ಕಪ್ಪಿಲಿಯರೂ ಒಕ್ಕಲಿಗರೂ ಈ ಕಣಿವೆಯಲ್ಲಿ ದನಕ್ಕೆ ಕೊಡುವ ಮರ್ಯಾದೆ ಎಂಥದೆಂಬುದನ್ನು ಕಂಬದ ತಂಬಿರಾನ್ ಮಾಟ್ಟು ತೊಳುವದಲ್ಲಿ ಸಂಕ್ರಾಂತಿಯ ಹೊತ್ತಿಗೆ ಹೋಗಿ ನೋಡಿದವರು ಬಲ್ಲರು. ಎತ್ತಿಗೆ ಬಿಡುವು ಕೊಟ್ಟರೆ ಮೇವು ತಿಂದು ಮೈ ಹತ್ತುತ್ತದೆ. ಯಂತ್ರದ ರೀತಿ ತಿರುವು ಮುರುವು. ದುಡಿಯುತ್ತಿರುವಷ್ಟು ದಿನ ಎಣ್ಣೆ ಎಲ್ಲ ಕಡೆಗೂ ಹರಿಯುತ್ತದೆ, ಬಿಸಿಗೆ ತೇವ ಆರಿಹೋಗುತ್ತದೆ. ನಿಂತ ದಿನದಿಂದಲೇ ತುಕ್ಕು ತನ್ನ ಕೆಲಸವನ್ನು ಆರಂಭಿಸುತ್ತದೆ. ಹಿಮ ಬೀಳುವ ದೇಶಗಳವರಿಗೂ ಇದೇ ಪಾಠ. 1925ರಲ್ಲಿ ಕೆನಡಾದ ಆರ್ಥರ್ ಸಿಕಾರ್ಡ್ ಎಂಬಾತ ಹಿಮವನ್ನು ಗೋರಿ ದೂರ ಎಸೆಯುವ ಯಂತ್ರವನ್ನು ಮಾಡಿದ. ಈಗ ಅಲ್ಲಿ ಮನೆಮನೆಯಲ್ಲಿ ಅದರ ಸಣ್ಣ ರೂಪ ಉಂಟು. ಟೊರಾಂಟೋ ಕಡೆ ನೆಲೆಸಿದ ನಮ್ಮ ಕನ್ನಡದ ಮಕ್ಕಳ ಮನೆಯಲ್ಲಿಯೂ ಉಂಟು. ವಸಂತದಲ್ಲಿ ಹಿಮ ಕರಗಿದೊಡನೆ ಅವರು ಅದರ ಪೆಟ್ರೋಲನ್ನು ಬಸಿದು, ಎಣ್ಣೆ ಬದಲಿಸಿ, ಒರಸಿ ಮುಚ್ಚಿಡುತ್ತಾರೆ. ಹಾಗೆ ಮಾಡದವರು ಮೊದಲ ಹಿಮ ಬಿದ್ದ ಮುಂಜಾನೆ ಹಗ್ಗವನ್ನು ಎಳೆದೆಳೆದು ಸೋಲುತ್ತಾರೆ. ಅಲ್ಲಿ ಹಿಮ, ಇಲ್ಲಿ ಕೆಸರು. ಎಂಜಿನ್ನಿನ ಜಾತಿ ಒಂದೇ.

ಯಂತ್ರಗಳು ನಮ್ಮ ಕಡೆ ಬಂದದ್ದೂ ಬಹಳ ಹಳೆಯ ಮಾತೇನಲ್ಲ. 1967ರಲ್ಲಿ ಬೆಂಗಳೂರಿನ ವಿ.ಎಸ್.ಟಿ. ಕಂಪೆನಿ ಜಪಾನಿನ ಮಿತ್ಸುಬಿಷಿಯ ನೆರವಿನಿಂದ ಟಿಲ್ಲರಿನ ಕೆಲಸಕ್ಕೆ ಕೈ ಹಾಕಿತು. 1973ರಲ್ಲಿ ಕೇರಳದ ಅತ್ತಾಣಿಯಲ್ಲಿ ಕಾಮ್ಕೋ ಹುಟ್ಟಿತು. 2014-15ರಿಂದ ಕೇಂದ್ರ ಸರಕಾರದ ಕೃಷಿ ಯಂತ್ರೀಕರಣದ ಯೋಜನೆಯಲ್ಲಿ ಸಣ್ಣ ಹಿಡುವಳಿಯವರಿಗೂ ಸಹಾಯಧನ ದೊರೆತದ್ದರಿಂದ ಟಿಲ್ಲರು, ಕಳೆ ಕೊಚ್ಚುವ ಯಂತ್ರ, ಬೆನ್ನಿಗೆ ಹೊರುವ ಗಾಳಿ ಸಿಂಪರಣಿ ಇವು ಎಷ್ಟೋ ಮನೆಗಳಲ್ಲಿ ಕಾಣುತ್ತಿವೆ. ಯಂತ್ರವೇನೋ ಬಂದಿತು, ಅದರೊಡನೆ ಬಂದ ಪುಸ್ತಕ ಪೆಟ್ಟಿಗೆಯ ತಳ ಸೇರಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಯಂತ್ರದ ಪುಸ್ತಕದಲ್ಲಿ ಬಹುಮಟ್ಟಿಗೆ ಇಂಗ್ಲಿಷು! ಓದುವವರು ಯಾರು? ಆದಕಾರಣ ಮುಖ್ಯ ಸಂಗತಿಗಳನ್ನು ನಮ್ಮ ಮಾತಿನಲ್ಲಿಯೇ ಹೇಳುತ್ತೇವೆ. ಓದಬಲ್ಲವರು ಹತ್ತಿರದವರಿಗೆ ಓದಿ ಹೇಳಿದರೆ ಒಳ್ಳೆಯದು.

ಪೆಟ್ರೋಲು ಖಾಲಿ, ಡೀಸೆಲು ಭರ್ತಿ

ಎಲ್ಲಕ್ಕಿಂತ ಮೊದಲು ನೆನಪಿಡತಕ್ಕ ಮಾತು ಇದು. ಬಹಳ ಮಂದಿ ಇದನ್ನು ಅದಲು ಬದಲು ಮಾಡುತ್ತಾರೆ. ಪೆಟ್ರೋಲ್ ಯಂತ್ರದಲ್ಲಿ ಅರ್ಧ ಟ್ಯಾಂಕು ಉಳಿಸಿ ಬಿಡುತ್ತಾರೆ, ಡೀಸೆಲ್ ಯಂತ್ರದಿಂದ ಕೊನೆಯ ತೊಟ್ಟನ್ನೂ ಬಸಿದು ಪಂಪುಸೆಟ್ಟಿಗೆ ಸುರಿಯುತ್ತಾರೆ. ಎರಡೂ ತಪ್ಪು. ಏಕೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಪೆಟ್ರೋಲಿನಲ್ಲಿ ಬೇಗನೆ ಆರಿಹೋಗುವ ಅಂಶವುಂಟು. ಅದು ಹೋದ ಮೇಲೆ ಉಳಿಯುವುದು ಅಂಟಿನಂಥ ಪದಾರ್ಥ. ಕಾರ್ಬ್ಯುರೇಟರಿನೊಳಗಿನ ಸೂಜಿಮೊನೆಯಷ್ಟು ತೂತುಗಳಲ್ಲಿ ಅದು ಕುಳಿತುಕೊಂಡರೆ ಎಂಜಿನ್ನಿಗೆ ಗಂಟಲು ಕಟ್ಟಿದ ಹಾಗೆ. ಇದು ಹಿಂದಿನಿಂದ ಇದ್ದ ತೊಂದರೆ. ಈಗ ಅದಕ್ಕೆ ಇನ್ನೊಂದು ಕೂಡಿದೆ. ಕಬ್ಬು ಮತ್ತು ಧಾನ್ಯಗಳಿಂದ ತೆಗೆದ ಎಥನಾಲನ್ನು ಪೆಟ್ರೋಲಿಗೆ ಬೆರೆಸುವ ಕ್ರಮ ದೇಶದಲ್ಲಿ ಬಲವಾಗಿ ನಡೆದಿದೆ. 2022ರ ಜೂನಿನ ಹೊತ್ತಿಗೆ ನೂರಕ್ಕೆ ಹತ್ತು ಪಾಲು ಆಯಿತು. 2023ರ ಫೆಬ್ರವರಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲಿನ ಪೆಟ್ರೋಲಿಗೆ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. 2025ರಲ್ಲಿ ಅದು ದೇಶದ ಉದ್ದಗಲಕ್ಕೂ ಹಬ್ಬಿತು. ಕಬ್ಬು ಬೆಳೆಗಾರನಿಗೆ ಇದರಿಂದ ಅನುಕೂಲವಾಗಿರಬಹುದು, ಆ ಚರ್ಚೆ ಇಲ್ಲಿ ಬೇಡ. ನಮ್ಮ ಸಣ್ಣ ಎಂಜಿನ್ನಿಗೆ ಸಂಬಂಧಪಟ್ಟ ವಿಷಯವೇನೆಂದರೆ ಎಥನಾಲು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಹೀರುತ್ತ ಹೀರುತ್ತ ಒಂದು ಮಟ್ಟ ಮೀರಿದಾಗ ಎಥನಾಲೂ ನೀರೂ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಹೋಗುವ ಕೊಳವೆ ಇರುವುದೂ ತಳದಲ್ಲಿಯೇ.

ಕಳೆ ಕೊಚ್ಚುವ ಯಂತ್ರ, ಬೆನ್ನು ಸಿಂಪರಣಿ ಮುಂತಾದ ಎರಡು ಹೊಡೆತದ ಎಂಜಿನ್ನುಗಳಿಗೆ ಇದು ಇನ್ನೂ ಅಪಾಯ. ಇವುಗಳಿಗೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಹಾಕುತ್ತೇವಷ್ಟೆ. ನೀರು ಎಥನಾಲುಗಳ ಪದರ ಬೇರ್ಪಟ್ಟಾಗ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ತಳದ ಪದರದಲ್ಲಿ ಎಣ್ಣೆಯಿಲ್ಲ. ಎಂಜಿನ್ನು ಹೊತ್ತಿಕೊಂಡರೂ ಒಣಮೈಯಲ್ಲಿ ಓಡಿ ಪಿಸ್ಟನ್ನು ಕಚ್ಚಿಕೊಳ್ಳಬಹುದು. ಹಳೆಯ ಮಾದರಿಗಳ ರಬ್ಬರ್ ಕೊಳವೆ, ಕಾರ್ಬ್ಯುರೇಟರಿನ ತೆಳುಪೊರೆ ಇವೂ ಎಥನಾಲಿಗೆ ಬಿರುಸಾಗಿ ಒಡೆಯುತ್ತವೆ.

ಆದ್ದರಿಂದ ಒಂದು ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲಿಸುವ ಯಾವ ಪೆಟ್ರೋಲ್ ಯಂತ್ರದಲ್ಲಿಯೂ ಇಂಧನ ಉಳಿಯಕೂಡದು. ಟ್ಯಾಂಕನ್ನು ಪೂರ್ತಿ ಬಸಿಯಿರಿ. ಎಣ್ಣೆ ಬೆರೆಸದ ಪೆಟ್ರೋಲಾದರೆ ಮೋಟಾರ್ ಸೈಕಲ್ಲಿಗೆ ಹಾಕಿಕೊಳ್ಳಬಹುದು. ಬಸಿದ ಮೇಲೂ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಸ್ವಲ್ಪ ನಿಂತಿರುತ್ತದೆ. ಬಯಲಿನಲ್ಲಿಟ್ಟು ಎಂಜಿನ್ನನ್ನು ಓಡಿಸಿ ಅದು ತಾನಾಗಿಯೇ ನಿಲ್ಲುವವರೆಗೆ ಬಿಡಿರಿ. ಬಾಗಿಲು ಹಾಕಿದ ಕೋಣೆಯಲ್ಲಿ ಎಂಜಿನ್ನು ಓಡಿಸತಕ್ಕದ್ದಲ್ಲ, ಆ ಹೊಗೆಯಲ್ಲಿ ವಾಸನೆಯಿಲ್ಲದ ವಿಷವುಂಟು. ಬಸಿಯುವ ಜಾಗದಲ್ಲಿ ಬೀಡಿ ಒಲೆ ದೀಪ ಯಾವುದೂ ಕೂಡದು.

ಆಮೇಲೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಆ ತೂತಿನೊಳಗೆ ಒಂದು ಸಣ್ಣ ಚಮಚದಷ್ಟು ಎಂಜಿನ್ ಎಣ್ಣೆ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎರಡು ಮೂರು ಸಲ ಎಳೆಯಬೇಕು. ಎಣ್ಣೆ ಒಳಗೋಡೆಗೆ ಹಚ್ಚಿಕೊಳ್ಳುತ್ತದೆ. ಪ್ಲಗ್ಗನ್ನು ತಿರುಗಿ ಹಾಕಿ, ಹಗ್ಗ ಬಿಗಿ ಹಿಡಿದ ಕಡೆ ನಿಲ್ಲಿಸಿದರೆ ಆಯಿತು.

ಡೀಸೆಲಿನ ರೀತಿ ಬೇರೆ. ಅದು ಪೆಟ್ರೋಲಿನಷ್ಟು ಬೇಗ ಆರುವುದೂ ಇಲ್ಲ, ಅಂಟಾಗುವುದೂ ಇಲ್ಲ. ಅದರ ಶತ್ರು ನೀರು. ಟ್ಯಾಂಕು ಖಾಲಿಯಿದ್ದಷ್ಟೂ ಒಳಗೆ ಗಾಳಿ ಹೆಚ್ಚು. ಮಾರ್ಗಶಿರ ಪುಷ್ಯದ ರಾತ್ರಿಯ ಥಂಡಿಗೆ ಆ ಗಾಳಿಯ ತೇವ ತಗಡಿನ ಒಳಮೈಯಲ್ಲಿ ಬೆವರಿನಂತೆ ಹನಿಯೊಡೆದು ಕೆಳಗಿಳಿಯುತ್ತದೆ. ಹಗಲು ಬಿಸಿಲು, ರಾತ್ರಿ ಚಳಿ; ಹೀಗೆ ನೂರು ರಾತ್ರಿ ಕಳೆದರೆ ತಳದಲ್ಲಿ ನೀರು, ನೀರಿನ ಅಂಚಿನಲ್ಲಿ ಕಪ್ಪು ಲೋಳೆ, ತಗಡಿನಲ್ಲಿ ತುಕ್ಕು. ಇದೆಲ್ಲ ಡೀಸೆಲ್ ಪಂಪಿಗೆ ಹೋಯಿತೆಂದರೆ ಒಂದು ಬೆಳೆಯ ದುಡಿಮೆಯನ್ನು ಅದೊಂದೇ ನುಂಗೀತು. ಆದುದರಿಂದ ನಿಲ್ಲಿಸುವ ಮುಂಚೆ ಟ್ಯಾಂಕಿನ ಕೆಳಗಿನ ತಿರುಪನ್ನು ಸಡಿಲಿಸಿ ತಳದ ಕಸರನ್ನು ಹೊರಬಿಟ್ಟು, ಹೊಸ ಡೀಸೆಲನ್ನು ಕಂಠದವರೆಗೆ ತುಂಬಿ, ಮುಚ್ಚಳವನ್ನು ಭದ್ರಪಡಿಸತಕ್ಕದ್ದು. ಕೈಯಲ್ಲಿ ಹಣವಿಲ್ಲದ ತಿಂಗಳಲ್ಲಿ ನಿಂತ ಯಂತ್ರಕ್ಕೆ ಇಂಧನ ತುಂಬುವುದು ಕಷ್ಟವೆಂಬುದನ್ನು ನಾವು ಬಲ್ಲೆವು. ಆ ಡೀಸೆಲು ಎಲ್ಲಿಗೂ ಹೋಗುವುದಿಲ್ಲ, ಜೂನಿನಲ್ಲಿ ಅದೇ ಉಳುತ್ತದೆ.

ಟಿಲ್ಲರಿನ ಮೈ

ಮೊದಲು ತೊಳೆಯಿರಿ. ಕೆಸರು ಒಣಗುವ ಮುಂಚೆ ತೊಳೆದರೆ ಅರ್ಧ ಕೆಲಸ, ಒಣಗಿದ ಮೇಲಾದರೆ ದುಪ್ಪಟ್ಟು. ಪಂಪಿನ ನೀರನ್ನು ರಭಸವಾಗಿ ಬಿಡುವಾಗ ಗಾಳಿಶೋಧಕಕ್ಕೂ ಹೊಗೆಕೊಳವೆಗೂ ಬೇರಿಂಗುಗಳ ಮೇಣಮುಚ್ಚಳಕ್ಕೂ ನೇರವಾಗಿ ತಾಗಿಸಬೇಡಿರಿ. ರೋಟರಿಯ ದಂಡಕ್ಕೆ ಹುಲ್ಲು, ನಾರು, ಹರಿದ ಪ್ಲಾಸ್ಟಿಕ್ಕು ಸುತ್ತಿಕೊಂಡಿದ್ದರೆ ಕತ್ತರಿಸಿ ತೆಗೆಯಿರಿ. ಎಣ್ಣೆ ಸೋರದಂತೆ ತಡೆಯುವ ಮುಚ್ಚಳವನ್ನು ತಿಂದುಹಾಕುವುದು ಈ ನಾರೇ. ಅದು ಕೆಟ್ಟರೆ ಪೆಟ್ಟಿಗೆಯೊಳಕ್ಕೆ ಕೆಸರುನೀರು ನುಗ್ಗುತ್ತದೆ. ಗೇರುಪೆಟ್ಟಿಗೆಯ ಎಣ್ಣೆ ಹಾಲು ಬೆರೆತ ಚಹದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ತಿಳಿಯಬೇಕು. ಅದನ್ನು ಹಾಗೆಯೇ ಬಿಟ್ಟು ಐದು ತಿಂಗಳು ನಿಲ್ಲಿಸಿದರೆ ಹಲ್ಲುಗಾಲಿಗಳಿಗೆ ತುಕ್ಕು ಹಿಡಿಯುವುದು ಖಂಡಿತ.

ಎಂಜಿನ್ ಎಣ್ಣೆಯನ್ನು ನಿಲ್ಲಿಸುವ ಮುಂಚೆ ಬದಲಿಸಬೇಕೋ, ಹೊರತೆಗೆಯುವಾಗ ಬದಲಿಸಬೇಕೋ ಎಂದು ಕೇಳುವವರುಂಟು. ಮುಂಚೆಯೇ ಬದಲಿಸಿರಿ. ದುಡಿದ ಎಣ್ಣೆಯಲ್ಲಿ ಹೊಗೆಯ ಹುಳಿ ಸೇರಿರುತ್ತದೆ. ಅದು ಬೇರಿಂಗಿನ ಮೈಯಲ್ಲಿ ತಿಂಗಳುಗಟ್ಟಲೆ ನಿಂತು ಕೊರೆಯುತ್ತದೆ. ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ ಬೆಚ್ಚಗಾದ ಮೇಲೆ ಬಸಿದರೆ ಮಡ್ಡಿಯೆಲ್ಲ ಎಣ್ಣೆಯೊಡನೆ ಇಳಿದು ಬರುತ್ತದೆ. ಹೊಸ ಎಣ್ಣೆ ಹಾಕಿ ಎರಡು ನಿಮಿಷ ಓಡಿಸಿ ನಿಲ್ಲಿಸಿರಿ. ಯಾವ ದರ್ಜೆಯ ಎಣ್ಣೆ, ಎಷ್ಟು ಎಂಬುದು ಯಂತ್ರದ ಪುಸ್ತಕದಲ್ಲಿದೆ. ಅಂಗಡಿಯವನು ಕೊಟ್ಟದ್ದೇ ಎಣ್ಣೆಯಲ್ಲ. ಹಳೆಯ ಎಣ್ಣೆಯನ್ನು ಕಾಲುವೆಗಾಗಲಿ ಬಾವಿಯ ಬಳಿಗಾಗಲಿ ಚೆಲ್ಲಬೇಡಿರಿ. ರೋಟರಿಯ ಬ್ಲೇಡುಗಳಿಗೂ ಪಂಜರಗಾಲಿಗೂ ತೆಳ್ಳಗೆ ಬಳಿದು, ಉಳಿದದ್ದನ್ನು ಡಬ್ಬಿಯಲ್ಲಿ ಮುಚ್ಚಿ ಗ್ಯಾರೇಜಿನವರಿಗೆ ಕೊಡಿರಿ.

ತಂಪು ಮಾಡುವುದಕ್ಕೆ ಬರಿಯ ನೀರು ಹಾಕುವ ಯಂತ್ರವಾದರೆ ಆ ನೀರನ್ನೂ ಬಸಿಯಬೇಕು. ನಮ್ಮ ಬಾವಿಗಳ ಗಡಸು ನೀರು ನಿಂತಲ್ಲಿ ಸುಣ್ಣ ಕಟ್ಟುತ್ತದೆ. ಬಸಿದವರು ಒಂದು ರಟ್ಟಿನ ಚೂರಿನಲ್ಲಿ 'ನೀರಿಲ್ಲ' ಎಂದು ದೊಡ್ಡ ಅಕ್ಷರದಲ್ಲಿ ಬರೆದು ಹಿಡಿಗೆ ಕಟ್ಟತಕ್ಕದ್ದು. ಮನೆಯ ಇನ್ನೊಬ್ಬ ಹುಡುಗ ಉತ್ಸಾಹದಿಂದ ಬಂದು ನೀರಿಲ್ಲದ ಎಂಜಿನ್ನನ್ನು ತಿರುವಿ ಓಡಿಸಿದರೆ ಅಷ್ಟು ಹೊತ್ತಿನ ಶ್ರಮವೆಲ್ಲ ಹೊಗೆಯಾಗಿ ಹೋದೀತು. ಯಾವ ಭಾಷೆಯಲ್ಲಿ ಬರೆಯಬೇಕು ಎಂಬುದು ಆ ಹುಡುಗ ಯಾವುದನ್ನು ಓದುತ್ತಾನೆ ಎಂಬುದರ ಮೇಲೆ!

ಡೀಸೆಲ್ ಎಂಜಿನ್ನಿನ ದಪ್ಪಗಾಲಿಯನ್ನು ಕೈಯಿಂದ ತಿರುಗಿಸಿ, ಒತ್ತಡ ಬಿಗಿಯುವ ಕಡೆಗೆ ತಂದು ನಿಲ್ಲಿಸಬೇಕು. ಆಗ ಎರಡು ಕವಾಟಗಳೂ ಮುಚ್ಚಿಕೊಂಡಿರುತ್ತವೆ, ಹೊರಗಿನ ತೇವ ಒಳಗೆ ನುಸುಳುವುದಿಲ್ಲ. ಬೆಲ್ಟುಗಳನ್ನು ಸಡಿಲಿಸಿ, ಅವಕ್ಕೆ ಎಣ್ಣೆ ಸೋಕಬಾರದು. ಕ್ಲಚ್ಚಿನ ಹಿಡಿಯನ್ನು ಬಿಡಿಸಿದ ಸ್ಥಿತಿಯಲ್ಲಿ ಕಟ್ಟಿಡಿರಿ, ಇಲ್ಲವಾದರೆ ತೇವಕ್ಕೆ ತಟ್ಟೆಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಗ್ರೀಸಿನ ಮೊಲೆಗಳಿಗೆಲ್ಲ ಹೊಸ ಗ್ರೀಸು ಬರಲಿ. ರಬ್ಬರ್ ಗಾಲಿಗಳ ಮೇಲೆ ಭಾರ ನಿಲ್ಲದಂತೆ ಅಚ್ಚಿನ ಕೆಳಗೆ ಎರಡು ಮರದ ದಿಮ್ಮಿ ಕೊಟ್ಟರೆ ಸಾಕು. ಬ್ಯಾಟರಿಯಿರುವ ಯಂತ್ರವಾದರೆ ತಂತಿ ಬಿಚ್ಚಿಟ್ಟು ತಿಂಗಳಿಗೊಮ್ಮೆ ಚಾರ್ಜು ಮಾಡಿಸಿರಿ.

ಎಲ್ಲಿ ಇಡಬೇಕು

ಈ ವಿಷಯದಲ್ಲಿ ನಮ್ಮ ಹಳ್ಳಿಗಳ ಪದ್ಧತಿ ಚೆನ್ನಾಗಿಲ್ಲವೆಂದು ಹೇಳಲೇಬೇಕು. ದನದ ಕೊಟ್ಟಿಗೆ ಯಂತ್ರಕ್ಕೆ ತಕ್ಕ ಸ್ಥಳವಲ್ಲ. ಗಂಜಲದಿಂದ ಏಳುವ ಅಮೋನಿಯದ ಹಬೆ ಹಿತ್ತಾಳೆ ತಾಮ್ರಗಳನ್ನು ಹಸಿರುಗಟ್ಟಿಸಿ ತಿನ್ನುತ್ತದೆ. ಕಾರ್ಬ್ಯುರೇಟರಿನ ಮೊನೆಗಳು, ತಂತಿಯ ತುದಿಗಳು ಎಲ್ಲ ಹಿತ್ತಾಳೆ ತಾಮ್ರಗಳೇ. ಗೊಬ್ಬರದ ಮೂಟೆಗಳ ಪಕ್ಕವೂ ಬೇಡ, ಯೂರಿಯವೂ ಪೊಟ್ಯಾಷೂ ಗಾಳಿಯ ತೇವವನ್ನು ಕರೆದು ಕೂರಿಸಿಕೊಳ್ಳುತ್ತವೆ. ಭತ್ತದ ಕಣಜದ ಹತ್ತಿರ ಇಟ್ಟರೆ ಇಲಿಗಳ ಕಾಟ. ಕಾಳು ತಿಂದ ಮೇಲೆ ಹಲ್ಲು ತೀಡುವುದಕ್ಕೆ ಅವಕ್ಕೆ ತಂತಿಯ ರಬ್ಬರೇ ಬೇಕು. ಸೂರಿನ ಕೆಳಗೆ, ನೆಲದಿಂದ ಒಂದು ಹಲಗೆ ಎತ್ತರದಲ್ಲಿ, ಗಾಳಿಯಾಡುವ ಕಡೆ ಇಡುವುದು ಲೇಸು. ಬೇವಿನ ಮರದಡಿಯ ನೆರಳು ಮನುಷ್ಯನಿಗೆ ಹಿತ. ಯಂತ್ರಕ್ಕೆ ಹಕ್ಕಿಯ ಹಿಕ್ಕೆಯೂ ಎಲೆಯ ತೇವವೂ ಲಾಭ.

ಮೇಲೆ ಹೊದಿಸುವುದಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತುವವರಿದ್ದಾರೆ. ಒಳಗೆ ಬೆವರಿ ತುಕ್ಕು ಹಿಡಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಹಳೆಯ ಹತ್ತಿಬಟ್ಟೆ ಸಾಕು, ಕೆಳಗೆ ತೆರೆದಿರಲಿ.

ಇನ್ನೊಂದು ಶತ್ರುವನ್ನು ಮರೆಯಬಾರದು. ನಮ್ಮ ಕಡೆಯ ಕುಂಬಾರ ಕಣಜಕ್ಕೆ ಬೆರಳು ಗಾತ್ರದ ಯಾವ ತೂತು ಕಂಡರೂ ಅಲ್ಲಿ ಮಣ್ಣಿನ ಮನೆ ಕಟ್ಟುವ ಚಟ. ಸಣ್ಣ ಯಂತ್ರಗಳ ಹೊಗೆಕೊಳವೆ, ಟ್ಯಾಂಕಿನ ಗಾಳಿತೂತು, ಸಿಂಪರಣಿಯ ಮೂತಿ ಎಲ್ಲವೂ ಅದಕ್ಕೆ ಇಷ್ಟವೇ. ಮಣ್ಣು ಕಟ್ಟಿದ ಕೊಳವೆಯಿಂದ ಹೊಗೆ ಹೊರಡದೆ ಎಂಜಿನ್ನು ಏಳುವುದಿಲ್ಲ. ಕಾರಣ ತಿಳಿಯದೆ ಪಂಪು ಬಿಚ್ಚಿಸಿ ಹಣ ಕಳೆದುಕೊಳ್ಳುವುದೂ ಆಗುತ್ತದೆ. ಕೊಳವೆಯ ಬಾಯಿಗೆ ಒಂದು ಬಟ್ಟೆಯ ಉಂಡೆ ತುರುಕಿ, ಅದರ ಬಾಲ ಹೊರಗೆ ಕಾಣುವಂತೆ ಉದ್ದವಾಗಿ ಬಿಡಿರಿ. ಕೆಂಪು ಬಟ್ಟೆಯಾದರೆ ತೆಗೆಯುವುದು ಮರೆಯದು.

ಸಿಂಪರಣಿಯ ವಿಚಾರ

ಸುರುಳಿಪಟ್ಟಿ, ಓಡೈಪಟ್ಟಿಗಳ ದ್ರಾಕ್ಷಿ ತೋಟದವರು ಇಲ್ಲಿಯವರೆಗೆ ಓದಿ ನಕ್ಕಿರಬಹುದು. 2023ರಲ್ಲಿ ಭೌಗೋಳಿಕ ಗುರುತು ಪಡೆದ ಕಂಬದ ಪನ್ನೀರು ದ್ರಾಕ್ಷಿ ವರ್ಷವೆಲ್ಲ ಕೊಯ್ಲು ಕೊಡುವ ಬಳ್ಳಿ. ಅದಕ್ಕೆ ಔಷಧಿ ಹೊಡೆಯುವ ಯಂತ್ರಕ್ಕೆ ಬಿಡುವೆಲ್ಲಿ? ಆದರೂ ಎರಡು ಹೊಡೆತಗಳ ನಡುವೆ ಹತ್ತು ಹದಿನೈದು ದಿನ ನಿಲ್ಲುತ್ತದೆ. ಕೆಡುವುದಕ್ಕೆ ಅಷ್ಟೇ ಸಾಕು. ಬೋರ್ಡೋ ದ್ರಾವಣದ ಮೈಲುತುತ್ತ ಕಬ್ಬಿಣವನ್ನು ಬಹಳ ಬೇಗ ತಿನ್ನುತ್ತದೆ, ಸುಣ್ಣವೋ ಮೂತಿಯ ತೂತುಗಳಲ್ಲಿ ಕಲ್ಲಾಗಿ ಕೂರುತ್ತದೆ. ಕೆಲಸ ಮುಗಿದ ಸಂಜೆಯೇ ತೊಟ್ಟಿಯನ್ನು ಮೂರು ಸಲ ಶುದ್ಧ ನೀರಿನಿಂದ ಗಲಬರಿಸಿ, ಪ್ರತಿಸಲವೂ ಆ ನೀರನ್ನು ಮೂತಿಯಿಂದಲೇ ಹೊರಗೆ ಹೊಡೆಯಬೇಕು. ಸುಣ್ಣ ಕಟ್ಟಿದ್ದರೆ ವಿನೆಗರ್ ಬೆರೆಸಿದ ನೀರಿನಲ್ಲಿ ಮೂತಿಯನ್ನು ಒಂದು ರಾತ್ರಿ ನೆನೆಯಿಟ್ಟರೆ ಕರಗುತ್ತದೆ. ತಂತಿ ಹಾಕಿ ಕೊರೆಯಬೇಡಿರಿ, ತೂತು ದೊಡ್ಡದಾಗಿ ಔಷಧಿ ಪೋಲಾಗುತ್ತದೆ. ಬಾಯಿಟ್ಟು ಊದುವುದಂತೂ ಎಂದಿಗೂ ಸಲ್ಲದು.

ಕಳೆನಾಶಕಕ್ಕೆ ಬಳಸಿದ ಸಿಂಪರಣಿಯನ್ನು ದ್ರಾಕ್ಷಿಗೆ ಮುಟ್ಟಿಸದಿರುವುದೇ ಕ್ಷೇಮ. 2,4-ಡಿ ಎಂಬ ಔಷಧಿಯ ಅತಿ ಸ್ವಲ್ಪ ಅಂಶ ತೊಟ್ಟಿಯಲ್ಲಿ ಉಳಿದರೂ ದ್ರಾಕ್ಷಿಯ ಎಲೆ ಮುರುಟುತ್ತದೆ. ಬೇರೆ ಯಂತ್ರ ಕೊಳ್ಳಲಾಗದವರು ಅಮೋನಿಯ ಬೆರೆಸಿದ ನೀರನ್ನು ಒಂದು ರಾತ್ರಿ ತೊಟ್ಟಿಯಲ್ಲಿ ನಿಲ್ಲಿಸಿ ಮತ್ತೆ ಚೆನ್ನಾಗಿ ತೊಳೆಯಬೇಕು.

ತೊಳೆದ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ಗಮನಿಸದ ಮನೆಗಳು ಬಹಳ. ಕಾಲುವೆಯ ಮೆಟ್ಟಿಲಿನಲ್ಲಿ ಕುಳಿತು ಸಿಂಪರಣಿ ತೊಳೆಯುತ್ತಾರೆ. ನಾಲ್ಕು ಮಾರು ಕೆಳಗೆ ಹೆಂಗಸರು ಪಾತ್ರೆ ಬೆಳಗುತ್ತಿರುತ್ತಾರೆ, ದನ ನೀರು ಕುಡಿಯುತ್ತಿರುತ್ತದೆ. ಆ ನೀರನ್ನು ಅದೇ ಬೆಳೆಯ ಸಾಲಿಗೇ ಹೊಡೆದು ಮುಗಿಸಬೇಕು. ಯಂತ್ರವನ್ನೂ ಉಳಿದ ಔಷಧಿಯನ್ನೂ ಬೀಗ ಹಾಕುವ ಕಡೆ ಇಡಿರಿ; ಔಷಧಿಯನ್ನು ಎಣ್ಣೆ ಸೀಸೆಗೋ ಪಾನಕದ ಸೀಸೆಗೋ ಬಗ್ಗಿಸಿಟ್ಟು ಮಕ್ಕಳ ಪ್ರಾಣಕ್ಕೆ ಎರವಾಗಬೇಡಿರಿ. ಇದನ್ನು ಎಷ್ಟು ಸಲ ಬರೆದರೂ ಹೆಚ್ಚಲ್ಲ.

ಹೊರತೆಗೆಯುವಾಗ

ಮೇ ತಿಂಗಳ ಮಧ್ಯದಲ್ಲಿ, ನೀರು ಬಿಡುವುದಕ್ಕೆ ಹದಿನೈದು ದಿನ ಮುಂಚೆ, ಯಂತ್ರವನ್ನು ಬೆಳಕಿಗೆ ತನ್ನಿರಿ. ಬೇಕಾದ ಸಾಮಾನು ಮದುರೆಯಿಂದಲೋ ಕೊಯಮತ್ತೂರಿನಿಂದಲೋ ಬರುವುದಕ್ಕೆ ಅಷ್ಟು ದಿನ ಹಿಡಿಯಬಹುದು. ಕೆಂಪು ಬಟ್ಟೆಯನ್ನು ಕಿತ್ತು, ನೀರು ತುಂಬಿ, ರಟ್ಟನ್ನು ಬಿಚ್ಚಿರಿ. ಎಣ್ಣೆಯ ಮಟ್ಟ ನೋಡಿ, ಡೀಸೆಲ್ ಶೋಧಕದ ತಳದಿಂದ ಒಂದು ಲೋಟದಷ್ಟನ್ನು ಗಾಜಿನ ಸೀಸೆಗೆ ಬಸಿದು ಬೆಳಕಿಗೆ ಹಿಡಿದರೆ ನೀರಿದ್ದದ್ದು ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಕೊಳವೆಯೊಳಗಿನ ಗಾಳಿಯನ್ನು ಬಿಡಿಸಿ, ಒತ್ತಡ ಬಿಡಿಸುವ ಹಿಡಿಯನ್ನು ಎತ್ತಿ, ಎಂಜಿನ್ನನ್ನು ಹೊತ್ತಿಸದೆ ಕೈಯಿಂದ ಇಪ್ಪತ್ತು ಸುತ್ತು ತಿರುವಿದರೆ ಎಣ್ಣೆ ಎಲ್ಲ ಕಡೆಗೂ ಏರುತ್ತದೆ. ಆಮೇಲೆ ಹೊತ್ತಿಸಿ. ಪೆಟ್ರೋಲ್ ಯಂತ್ರಗಳಿಗೆ ಅಂದು ತಂದ ಹೊಸ ಪೆಟ್ರೋಲನ್ನೇ ಹಾಕಬೇಕು, ಎಣ್ಣೆ ಬೆರೆಸುವ ಪ್ರಮಾಣ ಆಯಾ ಯಂತ್ರದ ಮುಚ್ಚಳದ ಮೇಲೆಯೇ ಅಚ್ಚಾಗಿರುವುದುಂಟು.

ಬೆಲ್ಟು ಬದಲಿಸಬೇಕಾಗಿ ಬಂದರೆ ಹಳೆಯದರ ಮೇಲಿನ ಅಂಕೆಯನ್ನು ಒಂದು ಚೀಟಿಯಲ್ಲಿ ಬರೆದು ಟ್ಯಾಂಕಿನ ಪಕ್ಕಕ್ಕೆ ಅಂಟಿಸಿರಿ. ಆ ಅಂಕೆ ಮಾಸಿದ ಮೇಲೆ ಅಂಗಡಿಯಲ್ಲಿ ಕೈಯಳತೆ ತೋರಿಸಿ ತಂದ ಬೆಲ್ಟು ಒಂದು ಬೆರಳು ಉದ್ದವಾಗಿರುತ್ತದೆ.